ಇವತ್ತಿನ ಕ್ರಿಯಾಪದ

ದಿನಕ್ಕೆ ಅರ್ಧ ಗಂಟೆ ಮಾತ್ರ ಗಂಡ ಅವಳ ಕೈಗೆ ಮೊಬೈಲು ಕೊಡುತ್ತಿದ್ದ. ಮಗಳನ್ನು ಕಾನ್ವೆಂಟಿಗೆ ಸೇರಿಸುವಾಗ ತಾಯಿಯನ್ನೂ ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರಂತೆ. ಅದಕ್ಕೇ ಈ ಆನ್‌ಲೈನ್ ಕ್ಲಾಸು. ಅದು ಮುಗಿಯುವವರೆಗೂ ಅವನು ಎದುರಿಗೇ ಕೂತಿರುತ್ತಿದ್ದ. ಮುಗಿದ ಮೇಲೆ ಮೊಬೈಲು ಅವನ ಜೇಬಿಗೆ, ಬಾಗಿಲಿಗೆ ಹೊರಗಿನಿಂದ ಬೀಗ. ತವರಿನವರ ದನಿ ಕೇಳಿ ಏಳು ತಿಂಗಳಾಗಿತ್ತು.

“ಇವತ್ತಿನ ಕ್ರಿಯಾಪದ ಹೆಲ್ಪ್. ಒಬ್ಬೊಬ್ಬರೂ ಒಂದೊಂದು ವಾಕ್ಯ ಹೇಳಿ,” ಎಂದರು ಮೇಡಂ.

ಅವಳು ಮನಸ್ಸಿನಲ್ಲೇ ಪದಗಳನ್ನು ಹುಡುಕತೊಡಗಿದಳು. ಗಂಡನಿಗೆ ಇಂಗ್ಲಿಷ್ ಬಾರದು, ನಿಜ. ಆದರೆ ಹಸ್ಬೆಂಡು, ಡೋರು, ಲಾಕು, ಪೊಲೀಸು ಯಾರಿಗೆ ಗೊತ್ತಿಲ್ಲ? ಅವನ್ನೆಲ್ಲ ಬಿಟ್ಟೇ ವಾಕ್ಯ ಕಟ್ಟಬೇಕು. ಅಷ್ಟರಲ್ಲಿ ಅವಳ ಸರದಿ ಬಂತು.

“ಪ್ಲೀಸ್ ಹೆಲ್ಪ್ ಮಿ. ಐ ಆ್ಯಮ್ ಅ ಪ್ರಿಸನರ್ ಹಿಯರ್.”

ಸಹಾಯ ಮಾಡಿ, ನಾನಿಲ್ಲಿ ಸೆರೆಯಲ್ಲಿದ್ದೇನೆ. ಅಷ್ಟು ಹೇಳಿ ಅವಳು ಪರದೆಯ ಮೇಲಿನ ಮೇಡಂ ಮುಖವನ್ನೇ ನೋಡಿದಳು.

“ವೆರಿ ಗುಡ್. ಒಂದೂ ತಪ್ಪಿಲ್ಲ. ಮುಂದಿನವರು?”

ಗಂಡನ ಮುಖ ಅರಳಿತು. “ಪರವಾಗಿಲ್ವೇ! ಮೇಡಮ್ಮೇ ಹೊಗಳ್ತಾರೆ ನಿನ್ನ!”

ಅವಳು ತಲೆ ತಗ್ಗಿಸಿದಳು. ಮುಂದಿನವಳು ಅಮ್ಮನಿಗೆ ಅಡುಗೆಯಲ್ಲಿ ಹೆಲ್ಪ್ ಮಾಡಿದಳು, ಅದರ ಮುಂದಿನವಳು ಅಜ್ಜನನ್ನು ರಸ್ತೆ ದಾಟಿಸಿದಳು. ಅರ್ಧ ಗಂಟೆಯೂ ಮುಗಿಯಿತು. ಗಂಡ ಮೊಬೈಲಿಗೆ ಕೈ ಚಾಚಿದ.

“ಇರಿ, ಇನ್ನೊಂದು ಕ್ರಿಯಾಪದ ಬಾಕಿ ಇದೆ,” ಎಂದರು ಮೇಡಂ. “ಲಿವ್, ಅಂದ್ರೆ ವಾಸ ಮಾಡೋದು. ಆಗ್ಲೇ ಚೆನ್ನಾಗಿ ಹೇಳಿದ್ರಲ್ಲ, ನೀವೇ ಶುರು ಮಾಡಿ. ಊರು, ಬೀದಿ, ಮನೆ ನಂಬರು, ಒಂದನ್ನೂ ಬಿಡಬೇಡಿ.”