ಹಸಿ ತಂಬುಳಿ

ಮಗಳಿಗೆ ಟೈಫಾಯ್ಡ್ ಎಂದು ಡಾಕ್ಟರು ಹೇಳಿದ ಮಾರನೇ ಬೆಳಿಗ್ಗೆಯೇ ಶ್ರೀವಾಣಿ ಸ್ಕೂಟಿ ಹತ್ತಿ, ಶಿರಸಿ ಪೇಟೆ ಸುತ್ತಿ, ದುರ್ಗಮ್ಮನ ಸೊಪ್ಪಿನ ಗದ್ದೆಗೆ ಬಂದಿಳಿದಳು. ಹಸಿಯಾಗಿ ಏನು ತಿಂದಿದ್ದಾಳೆ ಎಂದು ಡಾಕ್ಟರು ಕೇಳಿದಾಗ ಅವಳಿಗೆ ಹೊಳೆದದ್ದು ಒಂದೇ, ಒಂದೆಲಗದ ತಂಬುಳಿ. ಚೇತನಾಳ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಹದಿನೆಂಟೇ ದಿನ. ನೆನಪಿನ ಶಕ್ತಿಗೆ ಒಳ್ಳೆಯದೆಂದು ಎರಡು ತಿಂಗಳಿಂದ ತಾನೇ ಕೈಯಾರೆ ಸೊಪ್ಪು ಬೀಸಿ, ಮಜ್ಜಿಗೆ ಬೆರೆಸಿ ಕುಡಿಸಿದ್ದಳು. ಕುದಿಸಿ ಕೊಡಬಾರದಿತ್ತೇ ಎಂದರು ಡಾಕ್ಟರು. ಒಂದೆಲಗದ ತಂಬುಳಿಯನ್ನು ಯಾರಾದರೂ ಕುದಿಸುತ್ತಾರೆಯೇ?

ಗದ್ದೆಯಲ್ಲಿ ಸೊಪ್ಪೇನೋ ಹಸಿರೋ ಹಸಿರು. ಬುಡದಲ್ಲಿ ನಿಂತ ನೀರು ಮಾತ್ರ ಕಪ್ಪು, ಮೇಲೆ ಸೋಪಿನ ನೊರೆ, ಕಕ್ಕಸಿನ ನಾತ. ಥೂ, ಇದನ್ನೇ ಅಲ್ಲವೇ ಮಗಳ ಹೊಟ್ಟೆಗೆ ಹಾಕಿದ್ದು! ಆ ನೀರಿನಲ್ಲೇ ನಿಂತು ದುರ್ಗಮ್ಮ ಸೊಪ್ಪು ಕೊಯ್ಯುತ್ತಿದ್ದಳು.

"ಇದೆಂತ ನೀರು ದುರ್ಗಮ್ಮ? ಪಾಯಿಖಾನೆ ನೀರಲ್ಲಿ ಬೆಳೆದದ್ದನ್ನ ಮನೆಮನೆಗೆ ತಂದು ಕೊಡ್ತೀಯಲ್ಲ, ನಿಂಗೆ ಮಕ್ಕಳಿಲ್ವಾ?"

ಅಷ್ಟಕ್ಕೇ ಬಿಡಲಿಲ್ಲ. ಪೊಲೀಸರಿಗೆ ಹೇಳುತ್ತೇನೆ ಎಂದಳು. ತನ್ನ ಗಂಡ ರಘುಪತಿ ಹೆಗಡೆ ತಮ್ಮ ಲೇಔಟಿನ ಕಮಿಟಿ ಅಧ್ಯಕ್ಷ, ಅವರು ಒಂದು ಮಾತು ಹೇಳಿದರೆ ಅಲ್ಲಿ ಒಬ್ಬರೂ ನಿನ್ನ ಸೊಪ್ಪು ಮುಟ್ಟುವುದಿಲ್ಲ ಎಂದೂ ಕೂಗಾಡಿದಳು.

ದುರ್ಗಮ್ಮ ಬದುವಿಗೆ ಹತ್ತಿ ಬಂದಳು. ಮೊಣಕಾಲಿನಿಂದ ಕೆಳಗೆ ಪೂರಾ ಕೆಂಪು ಹುಣ್ಣು, ತುರಿಸಿ ತುರಿಸಿ ಚರ್ಮ ಎದ್ದಿತ್ತು. ಮಗು ಹೇಗಿದೆ ಎಂದು ಮೊದಲು ಕೇಳಿದಳು. ಜ್ವರ ಇಳಿದಿಲ್ಲ, ಪರೀಕ್ಷೆಗೆ ಕೂರುವುದೂ ಅನುಮಾನ ಎಂದು ತಿಳಿದಾಗ ಬದುವಿನ ಮೇಲೇ ಕುಕ್ಕರಿಸಿದಳು. ಆಮೇಲೆ ಹೇಳಿದಳು. ಹೋದ ವರ್ಷದವರೆಗೆ ಇಲ್ಲಿ ಹರಿಯುತ್ತಿದ್ದದ್ದು ಕುಡಿಯುವಂಥ ಹಳ್ಳದ ನೀರು. ದಿಬ್ಬದ ಮೇಲೆ ಮನೆ ಕಟ್ಟಿದವರು ಗುಂಡಿ ತೋಡಿಸುವ ಬದಲು ಎಲ್ಲರ ಕಕ್ಕಸಿನ ನೀರನ್ನೂ ಒಂದೇ ಪೈಪಿನಲ್ಲಿ ಹಳ್ಳಕ್ಕೆ ಬಿಟ್ಟರು. ನಗರಸಭೆ ಆಫೀಸಿಗೆ ಮೂರು ಅರ್ಜಿ ಕೊಟ್ಟದ್ದಾಯಿತು. ನೋಡುವ ಎಂದರೇ ಹೊರತು ಒಬ್ಬ ಪುಣ್ಯಾತ್ಮನೂ ಬಂದು ನೋಡಲಿಲ್ಲ. ಗದ್ದೆಗೆ ಬೇರೆ ನೀರಿಲ್ಲ, ಹೊಟ್ಟೆಗೆ ಬೇರೆ ದಾರಿಯಿಲ್ಲ.

ಶ್ರೀವಾಣಿಯ ಸಿಟ್ಟು ಈಗ ಅತ್ತ ತಿರುಗಿತು. ಮನುಷ್ಯರೇ ಅವರು? "ಯಾವ ಲೇಔಟು ಅದು? ಹೇಳು, ಅವರನ್ನ ನಾ ಬಿಡೂದಿಲ್ಲ."

ದುರ್ಗಮ್ಮ ಮೇಲೆ ಕೈ ತೋರಿಸಿದಳು. ಪೇಟೆ ಸುತ್ತಿ ಬಂದಿದ್ದ ಶ್ರೀವಾಣಿಗೆ ಮನೆಗಳ ಹಿಂಭಾಗ ಮೊದಲು ಗುರುತೇ ಸಿಗಲಿಲ್ಲ. ಆಮೇಲೆ ಕಂಡಿತು. ಕೊನೆಯ ಮನೆಯ ತಾರಸಿಯಲ್ಲಿ, ಬೆಳಿಗ್ಗೆ ತಾನೇ ಹರವಿ ಬಂದ ಚೇತನಾಳ ಹಾಸಿಗೆ ಬಟ್ಟೆ ಒಣಗುತ್ತಿತ್ತು.

"ಪೈಪು ಹಾಕಿದ ವಾರವೇ ನಿಮ್ಮನೆಗೆ ಬಂದಿದ್ದೆ ಅಮ್ಮ," ಎಂದಳು ದುರ್ಗಮ್ಮ. "ನೀವಿರಲಿಲ್ಲ. 'ಪುಕ್ಕಟೆ ಗೊಬ್ಬರದ ನೀರಲ್ವೇನೆ, ಸೊಪ್ಪು ಚಲೋ ಬತ್ತದೆ, ನಮ್ಮನೆಗೂ ಎರಡು ಕಟ್ಟು ತಂದ್ಕೊಡು' ಅಂದ್ರು ಹೆಗಡೇರು. ತಂದ್ಕೊಟ್ಟೆ."