ಅಜೀಜಾ ಹದ ಮಾಡಿದ ನೀರು

ಹಫೀಜಾ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಮೊಣಕೈಯನ್ನು ಬಕೆಟ್ಟಿಗೆ ಅದ್ದಿದಳು. ಅದ್ದಿದವಳೇ ತಟ್ಟನೆ ಹೊರಗೆಳೆದು, "ಅಮ್ಮಿ, ಹುಯ್ಯಬೇಡ, ತಡಿ" ಎಂದಳು. ಬಿಸಿನೀರಿನ ಚೊಂಬು ಅಜೀಜಾಳ ಕೈಯಲ್ಲೇ ನಿಂತಿತು. ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಕಾಲು ನೀಡಿ ಕೂತಿದ್ದ ಅವಳ ಕಾಲುಗಳ ಮೇಲೆ, ಮೈತುಂಬ ಎಣ್ಣೆ ಹಚ್ಚಿಸಿಕೊಂಡ ನಲವತ್ತು ದಿನದ ಮೊಮ್ಮಗ ಆಕಾಶ ನೋಡುತ್ತಾ ಮಲಗಿದ್ದ.

ಬೇರೆ ದಿನವಾಗಿದ್ದರೆ ಅಜೀಜಾ ನಕ್ಕು ಸುಮ್ಮನಾಗುತ್ತಿದ್ದಳೇನೋ. ಇವತ್ತು ನಲವತ್ತರ ಸ್ನಾನ. ಬಾಣಂತಿ ಹಿರಿಮಗಳನ್ನೂ ಮಗುವನ್ನೂ ಕರೆದುಕೊಂಡು ಹೋಗಲು ಬೀಗಿತ್ತಿ ಶಕೀಲಾ ಮುರುಗಮಲ್ಲದಿಂದ ಮೊದಲ ಬಸ್ಸಿಗೇ ಬಂದು, ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಅಂಥವಳ ಎದುರು, ನರ್ಸಿಂಗ್ ಓದಲು ಹೋದ ಕಿರಿಮಗಳು ಹಫೀಜಾ ಬಂದು, ಅಮ್ಮ ಹದ ಮಾಡಿದ ನೀರನ್ನು ಅದ್ದಿ ನೋಡುವುದೆಂದರೇನು? ಶಿಡ್ಲಘಟ್ಟದ ಆ ಗಲ್ಲಿಯಲ್ಲಿ ಮಗು ಹುಟ್ಟಿದರೆ ನೀರು ಹಾಕಲು ಮೊದಲ ಕರೆ ಅಜೀಜಾಳಿಗೆ. ರೇಷ್ಮೆ ಗೂಡು ಬೇಯುವ ನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕುವ ಕೆಲಸಕ್ಕೆ ಅವಳು ಕೂತದ್ದು ಹನ್ನೊಂದನೇ ವಯಸ್ಸಿಗೆ. ನೀರಿನ ವಿಷಯ ಅವಳಿಗೆ ಹೇಳಿಕೊಡುವವರು ಇನ್ನೂ ಹುಟ್ಟಬೇಕಿತ್ತು.

"ಆಸ್ಪತ್ರೆ ಸೇರಿ ಆರು ತಿಂಗಳಾಗಿಲ್ಲ, ಅಮ್ಮಂಗೇ ಪರೀಕ್ಷೆ ಇಡ್ತಾಳೆ" ಎಂದು ಬೀಗಿತ್ತಿಯ ಕಡೆ ತಿರುಗಿ ನಗಲು ನೋಡಿದಳು. "ಹುಟ್ಟಿದಾಗಿಂದ್ಲೂ ಹಠಮಾರಿ ಕಣ್ರೀ ಇವಳು. ಮೈಮೇಲೆ ನೀರು ಬಿದ್ರೆ ಸಾಕು, ಮಸೀದಿವರೆಗೂ ಕೇಳೋ ಹಂಗೆ ಕಿರುಚೋಳು."

ಶಕೀಲಾ ಎಲೆಯಡಿಕೆ ಮೆಲ್ಲುತ್ತಾ, ತಮ್ಮ ಕಡೆ ದೊಡ್ಡವರ ಕೈಯನ್ನು ಮಕ್ಕಳು ಅನುಮಾನಿಸುವುದಿಲ್ಲ, ಹೆಣ್ಣುಮಕ್ಕಳನ್ನು ಓದಿಸಿದರೆ ಹೀಗೇ ಎಂದಳು. ಅತ್ತರೆ ಮಗುವಿನ ಎದೆ ಗಟ್ಟಿಯಾಗುತ್ತದೆ, ನೀವು ಹುಯ್ಯಿರಿ ಎಂದೂ ಸೇರಿಸಿದಳು.

ಹಫೀಜಾ ಜಗಳಕ್ಕೆ ಬರಲಿಲ್ಲ. ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅವಳಿಗಷ್ಟೇ ಕೇಳುವಂತೆ, ಮನೆಗೆ ಹಾಕಿದ ಇನ್‌ಲ್ಯಾಂಡ್ ಕಾಗದದಲ್ಲಿ ಬರೆಯದೆ ಬಿಟ್ಟಿದ್ದ ಒಂದು ಸಂಗತಿ ಹೇಳಿದಳು. ಹೋದ ತಿಂಗಳು ವಾರ್ಡಿನಲ್ಲಿ ರೋಗಿಯ ಮೈ ಒರೆಸುವ ಪಾಠ. ಸೊಂಟದ ಮೂಳೆ ಮುರಿದು ಮಲಗಿದ್ದ ಅಶ್ವತ್ಥಮ್ಮ ಎಂಬ ಅಜ್ಜಿ. ಹಫೀಜಾ ಬೇಸಿನ್ನಿಗೆ ಕೈಯಿಟ್ಟು, ಉಗುರುಬೆಚ್ಚಗಿದೆ ಎಂದಳು. ಬಟ್ಟೆ ಹಿಂಡಿ ಅಜ್ಜಿಯ ಬೆನ್ನ ಹತ್ತಿರ ತಂದಾಗ, ಪಾಠ ಹೇಳುವ ಸಿಸ್ಟರ್ ಲಕ್ಷ್ಮಿದೇವಮ್ಮ ಅದನ್ನು ನಡುವೆಯೇ ಕಿತ್ತುಕೊಂಡರು. ಕಿತ್ತುಕೊಂಡವರು ಕೈ ಸುಟ್ಟು ಅದನ್ನು ನೆಲಕ್ಕೆ ಬಿಟ್ಟುಬಿಟ್ಟರು. ಇವಳಿಗೆ ಬಿಸಿಯೇ ತಿಳಿದಿರಲಿಲ್ಲ. ಸಿಸ್ಟರ್ ಇವಳ ಬೆರಳುಗಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ಮನೆಯಲ್ಲಿ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರು. ಚಿಕ್ಕಂದಿನಿಂದ ಅಮ್ಮನ ಜೊತೆ ಎಳೆ ಹುಡುಕುತ್ತಿದ್ದುದನ್ನು ಇವಳು ಹೇಳಿದಳು. ಇನ್ನೇನು, ಪೆಟ್ಟಿಗೆ ಕಟ್ಟು ಅನ್ನುತ್ತಾರೆ ಎಂದುಕೊಂಡಿದ್ದಳು.

"ಏನಂದ್ರು?" ಎಂದಳು ಅಜೀಜಾ.

"'ನಿಂಗೆ ಬಿಸಿ ಆಗ್ತದಾ ಅಂತ ಯಾರೂ ಕೇಳ್ತಿಲ್ಲಮ್ಮ, ಮಲಗಿರೋರಿಗೆ ಆಗ್ತದಾ ನೋಡು' ಅಂದ್ರು. 'ಇನ್ಮೇಲೆ ಮೊಣಕೈ ಅದ್ದು. ಪಾಪ, ಅದಿನ್ನೂ ಕೆಲಸಕ್ಕೆ ಹೋಗಿಲ್ಲ' ಅಂದ್ರು."

ಅಜೀಜಾ ತನ್ನ ಬೆರಳುಗಳನ್ನು ನೋಡಿಕೊಂಡಳು. ತುದಿಗಳು ಬಿಳಿಚಿ, ಗೆರೆಗಳೆಲ್ಲ ಅಳಿಸಿಹೋಗಿ ನುಣ್ಣಗಾಗಿದ್ದವು. ಇವನ್ನು ನಂಬಿಯೇ ಗಲ್ಲಿಯವರು ತಮ್ಮ ಕೂಸುಗಳನ್ನು ಅವಳ ಕಾಲ ಮೇಲೆ ಮಲಗಿಸುತ್ತಿದ್ದುದು. ಈಗ ಹುಯ್ದರೂ ಯಾರೂ ಏನೂ ಅನ್ನುವುದಿಲ್ಲ. ಮಗು ಎಲ್ಲ ಮಕ್ಕಳ ಹಾಗೆ ಅಳುತ್ತದೆ, ಬೀಗಿತ್ತಿಯ ಎದುರು ಮಾನ ಉಳಿಯುತ್ತದೆ. ಎಲ್ಲ ಮಕ್ಕಳ ಹಾಗೆ. ಅವಳ ಯೋಚನೆ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

ಚೊಂಬನ್ನು ಕೆಳಗಿಟ್ಟಳು. ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು, ಪಕ್ಕಕ್ಕೆ ವಾಲಿ, ಇನ್ನೊಂದು ಕೈಯ ಮೊಣಕೈಯನ್ನು ನೀರಿಗಿಳಿಸಿದಳು. ಎಳೆದುಕೊಂಡ ರಭಸಕ್ಕೆ ಬಳೆಗಳು ಬಕೆಟ್ಟಿನ ಅಂಚಿಗೆ ಬಡಿದವು. ಶಕೀಲಾ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿದಳು.

"ತಣ್ಣೀರು ತಗೊಂಬಾ" ಎಂದಳು ಅಜೀಜಾ, ಮೆಲ್ಲಗೆ.

ಹಫೀಜಾ ಒಂದು ಚೊಂಬು ಬೆರೆಸಿದಳು. ಅಜೀಜಾ ಮೊಣಕೈ ಅದ್ದಿ ತಲೆಯಾಡಿಸಿದಳು, ಸಾಲದು. ಇನ್ನೊಂದು. ಮತ್ತೂ ಒಂದು. ಆಮೇಲೆ ಅದ್ದಿದ ಮೊಣಕೈಯನ್ನು ತುಸು ಹೊತ್ತು ನೀರಿನಲ್ಲೇ ಬಿಟ್ಟಳು.

ಮಗು ಅಳಲಿಲ್ಲ. ಮೊದಲ ಚೊಂಬಿಗೆ ಕಣ್ಣು ಪಿಳುಕಿಸಿತು, ಎರಡನೆಯದಕ್ಕೆ ತುಟಿಗೆ ಬಿದ್ದ ಹನಿಯನ್ನು ಚಪ್ಪರಿಸಿತು, ಸೀಗೆಪುಡಿ ತಿಕ್ಕಿ ತೊಳೆಯುವ ಹೊತ್ತಿಗೆ ನಿದ್ದೆಗೆ ಜಾರಿತ್ತು. ಶಕೀಲಾ ಎದ್ದು ಬಂದು ಬಗ್ಗಿ ನೋಡಿ, ಹೀಗಾದರೆ ಇದರ ಎದೆ ಗಟ್ಟಿಯಾಗುವುದು ಯಾವಾಗ ಎಂದಳು. ಆದರೆ ಯಾರೂ ನೋಡುತ್ತಿಲ್ಲ ಅನ್ನಿಸಿದಾಗ ತಾನೂ ತೋಳು ಸರಿಸಿ, ಉಳಿದ ನೀರಿಗೆ ಮೊಣಕೈ ತಾಗಿಸಿ, ಈ ಹದ ಊರಿಗೆ ಹೋದ ಮೇಲೆ ನೆನಪಿರಬೇಕು ಎಂಬಂತೆ ಕಣ್ಣು ಮುಚ್ಚಿಕೊಂಡಳು.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹಫೀಜಾಳ ಕೈಗೆ ಕೊಡುವಾಗ ಅಜೀಜಾಳ ಮೊಣಕೈ ಇನ್ನೂ ಕೆಂಪಗಿತ್ತು. ಎಷ್ಟೋ ವರ್ಷಗಳ ಮೇಲೆ ನೀರು ಅವಳಿಗೆ ಬಿಸಿ ಮುಟ್ಟಿಸಿತ್ತು. ಅವಳು ಆ ಕೆಂಪನ್ನು ನೋಡಿಕೊಂಡಳು, ಆಮೇಲೆ ಮಗಳ ಮುಖವನ್ನು.

"ಹಠಮಾರಿ ಅಂತ ಊರೆಲ್ಲಾ ಹೇಳ್ಕೊಂಡು ಬಂದ್ನಲ್ಲೇ ನಿನ್ನ" ಎಂದಳು.