ಹದಿನೆಂಟು ಸೆಕೆಂಡು

ಟೇಪ್‌ರೆಕಾರ್ಡರಿನಲ್ಲಿ ಏರುತ್ತಲೇ ಹೋಗುತ್ತಿದ್ದ ಗೊರಕೆ ತಟ್ಟನೆ ನಿಂತಿತು. ಡೊಂಬಿವಿಲಿಯ ಡಾಕ್ಟರ್ ಜಯಶೀಲ ಕೈಗಡಿಯಾರ ನೋಡತೊಡಗಿದರು. ಎದುರಿನ ಸ್ಟೂಲಿನಲ್ಲಿ ಕೂತಿದ್ದ ಸೈದಪ್ಪನಿಗೆ ನಗು ಬರುತ್ತಿತ್ತು. ಗೊರಕೆ ಅವನದೇ. ರೆಕಾರ್ಡ್ ಮಾಡಿದವಳು ಹೆಂಡತಿ ಚಂದ್ರಬಾಯಿ.

ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು, ಠಾಕುರ್ಲಿಯ ಖೋಲಿಯಲ್ಲಿ ಹಗಲೆಲ್ಲ ಮಲಗುವವನು ಅವನು. ನಿದ್ದೆಯಲ್ಲಿ ನೀವು ಸತ್ತು ಸತ್ತು ಹುಟ್ಟುತ್ತೀರಿ ಎಂದು ಅವಳು ಆರು ವರ್ಷಗಳಿಂದ ಹೇಳುತ್ತಿದ್ದಳು. ಸತ್ತವನು ದಿನಾ ಡ್ಯೂಟಿಗೆ ಹೋಗುತ್ತಾನೇನು ಎಂದು ಅವನು ಮಾತು ಹಾರಿಸುತ್ತಿದ್ದ. ಎದೆಯ ಮೇಲೆ ಏನೋ ಬಂದು ಕೂರುತ್ತದೆ ಎಂದು ನೆರೆಯವರು ತಾಯಿತವನ್ನೂ ಕಟ್ಟಿಸಿದ್ದರು. ಹೋದ ವಾರ ಪ್ರೆಸ್ ಮಶೀನಿನ ಮುಂದೆ ನಿಂತಲ್ಲೇ ತೂಕಡಿಸಿದ. ಜೊತೆಗಾರ ಬಾಲಪ್ಪ ರಟ್ಟೆ ಹಿಡಿದು ಎಳೆಯದಿದ್ದರೆ ಬೆರಳುಗಳು ಒಳಗೇ ಉಳಿಯುತ್ತಿದ್ದವು. ಡಾಕ್ಟರ ಚೀಟಿ ತಂದರೆ ಮಾತ್ರ ಕೆಲಸ ಎಂದು ಫೋರ್‌ಮನ್ ವಾಪಸು ಕಳಿಸಿದ್ದ.

ಕ್ಯಾಸೆಟ್ ತಿರುಗುತ್ತಲೇ ಇತ್ತು. ಗೊರಕೆ ನಿಂತ ಆ ಖಾಲಿಯಲ್ಲಿ ಕಲ್ಯಾಣದ ಕಡೆಯ ಲೋಕಲ್ ರೈಲು ಹಾದುಹೋದದ್ದು ಕೇಳಿತು. ಯಾರೋ ನಲ್ಲಿಯ ಕೆಳಗೆ ಕೊಡ ಇಟ್ಟರು. ಮೆಂತ್ಯ ಮಾರುವವಳು ಬಾಗಿಲಲ್ಲಿ ಕೂಗಿ, ಉತ್ತರ ಬರದೆ, ಮುಂದಕ್ಕೆ ಹೋದಳು. ಎಲ್ಲವೂ ಸ್ಪಷ್ಟವಾಗಿತ್ತು, ಅವನ ಉಸಿರೊಂದೇ ಇರಲಿಲ್ಲ. ತಾನು ಹೋದ ಮೇಲಿನ ಮನೆಯನ್ನು ಹೊರಗೆ ನಿಂತು ಕೇಳಿಸಿಕೊಳ್ಳುತ್ತಿರುವಂತೆ ಸೈದಪ್ಪನಿಗೆ ಅನಿಸಿತು.

ಆಮೇಲೆ, ಬಾವಿಯಲ್ಲಿ ಮುಳುಗಿದವನು ಮೇಲೆದ್ದು ಗಾಳಿ ಎಳೆದುಕೊಂಡಂಥ ಸದ್ದು. ಸೈದಪ್ಪ ತನ್ನ ಗಂಟಲು ಹಿಡಿದುಕೊಂಡ.

"ಹದಿನೆಂಟು ಸೆಕೆಂಡು," ಎಂದರು ಡಾಕ್ಟರು. "ಇದು ದೆವ್ವ ಅಲ್ಲ ಮಾರಾಯ್ರೆ. ಮಲಗಿದಾಗ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ತದೆ. ಮಿದುಳು ಗಾಬರಿಬಿದ್ದು ನಿಮ್ಮನ್ನು ಎಬ್ಬಿಸ್ತದೆ. ಎದ್ದದ್ದು ನಿಮಗೇ ಗೊತ್ತಾಗುದಿಲ್ಲ. ಮತ್ತೆ ಮಶೀನಿನ ಎದುರು ನಿದ್ದೆ ಬಾರದೆ ಏನು?"

ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ತಲೆಗೆ, ಎದೆಗೆ ವೈರು ಅಂಟಿಸಿ ಮಲಗಿಸಿ ನೋಡಿದರು. ರೋಗ ಇನ್ನೂ ಸಣ್ಣದು, ಈಗಲೇ ಹಿಡಿದರೆ ಹತೋಟಿಗೆ ಬರುತ್ತದೆ ಎಂದು ಬರೆದುಕೊಟ್ಟರು. ಅಂಗಾತ ಮಲಗಬಾರದು, ಮೈ ಇಳಿಸಬೇಕು, ಪಾಳಿ ಮುಗಿಸಿ ಬಂದು ಕುಡಿದು ಮಲಗುವುದು ಬಿಡಬೇಕು. ಫೋರ್‌ಮನ್ ಅವನನ್ನು ಮಶೀನಿನಿಂದ ಪ್ಯಾಕಿಂಗಿಗೆ ಹಾಕಿದ. ಚಂದ್ರಬಾಯಿ ಬನಿಯನ್ನಿನ ಬೆನ್ನಿಗೆ ರಬ್ಬರ್ ಚೆಂಡೊಂದನ್ನು ಹೊಲಿದಳು. ಅಂಗಾತ ಹೊರಳಿದರೆ ಅದು ಒತ್ತಿ ಮತ್ತೆ ಮಗ್ಗುಲಿಗೆ ತಳ್ಳುತ್ತಿತ್ತು. ಐದು ತಿಂಗಳಲ್ಲಿ ಸೊಂಟದ ಬೆಲ್ಟಿಗೆ ಎರಡು ಹೊಸ ತೂತು ಬಿದ್ದವು. ತೂಕಡಿಕೆ ಹೋಯಿತು. ಗೊರಕೆ ಬಹುಪಾಲು ಇಳಿಯಿತು, ನಡುವಿನ ನಿಲುಗಡೆ ಅಪರೂಪವಾಯಿತು.

ಒಂದು ಬೆಳಿಗ್ಗೆ ಚಾದರ ಹಾಸುತ್ತಿದ್ದ ಅವಳನ್ನು ಅವನು ಕೇಳಿದ:

"ಆರು ವರ್ಷ, ನನ್ನ ಉಸಿರು ನಿಂತಾಗೆಲ್ಲ ನೀ ಏನ್ ಮಾಡ್ತಿದ್ದಿ?"

"ಮೊದಲಿಗೆ ಅಲುಗಾಡಿಸಿ ಎಬ್ಬಿಸ್ತಿದ್ದೆ. ನಿದ್ದಿ ಕೆಡಿಸ್ತಿ ಅಂತ ಬೈತಿದ್ರಿ, ಅದನ್ನ ಬಿಟ್ಟೆ," ಎಂದಳು ಚಂದ್ರಬಾಯಿ, ಚಾದರದ ಸುಕ್ಕು ತೀಡುತ್ತ. "ಆಮ್ಯಾಲೆ, ನೀವು ಏಳಲಿಲ್ಲಂದ್ರ ಊರಾಗ ನಿಮ್ಮವ್ವಗ ಹೆಂಗ ಹೇಳಬೇಕು ಅಂತ ಮಾತು ಜೋಡಿಸ್ಕೋತ ಕೂಡ್ತಿದ್ದೆ. ಈಗ ಪೂರಾ ಬಾಯಿಪಾಠ ಆಗ್ಯಾದ."